ನ್ಯಾಯಪೀಠ ಬಿಟ್ಟು ಎದ್ದ ಕೆ. ಎಸ್. ಹೆಗ್ಡೆ

ಸಿಂಧನೂರು, ಲಿಂಗಸುಗೂರು, ಮಸ್ಕಿ ಕಡೆಯ ನಮ್ಮ ಮಂದಿಗೆ ಕೋರ್ಟು-ಕಚೇರಿ ಹೊಸದಲ್ಲ. ಹೊಲದ ಬದುವಿನ ತಕರಾರು, ಅಣ್ಣತಮ್ಮಂದಿರ ಪಾಲು, ಕಾಲುವೆ ನೀರಿನ ಜಗಳ ಅಂತ ಒಮ್ಮೆಯಾದರೂ ವಕೀಲರ ಬಾಗಿಲು ತುಳಿಯದ ಮನೆತನ ಕಡಿಮೆ. ಆದರೆ ತೀರ್ಪು ಕೊಡುವ ಕುರ್ಚಿಯಲ್ಲಿ ಕುಳಿತವರಿಗೂ ಪರೀಕ್ಷೆಯ ಕಾಲ ಬರುತ್ತದೆ ಎಂಬುದು ನಮಗೆ ಅಷ್ಟಾಗಿ ತಿಳಿಯದು. ವಕೀಲರಾಗಿ, ಸಂಸತ್ ಸದಸ್ಯರಾಗಿ, ನ್ಯಾಯಮೂರ್ತಿಗಳಾಗಿ, ಕೊನೆಗೆ ಲೋಕಸಭೆಯ ಸ್ಪೀಕರ್ ಆಗಿ ದುಡಿದ ದಿವಂಗತ ಕೆ. ಎಸ್. ಹೆಗ್ಡೆಯವರ ಜೀವನವನ್ನು ರಜತ ಮಹೋತ್ಸವದ ಈ ಸಂಚಿಕೆಯಲ್ಲಿ ಸದಸ್ಯ ಬಾಂಧವರ ಮುಂದೆ ಇಡುತ್ತಿದ್ದೇವೆ. ಅವರು ನಮ್ಮ ಜಿಲ್ಲೆಯವರಲ್ಲ, ನಿಜ. ಆದರೂ ಅವರ ಬಾಳಿನಲ್ಲಿ ನಮ್ಮ ಸಂಘಕ್ಕೂ ಕಲಿಯುವ ಮಾತೊಂದಿದೆ.

ಕೌಡೂರು ಸದಾನಂದ ಹೆಗ್ಡೆಯವರು ಹುಟ್ಟಿದ್ದು 1909ರ ಜೂನ್ 11ರಂದು, ದಕ್ಷಿಣ ಕನ್ನಡದ ಕಾರ್ಕಳ ತಾಲೂಕಿನ ಕೌಡೂರು ಎಂಬ ಹಳ್ಳಿಯಲ್ಲಿ. ಅಕ್ಷರ ಕಲಿತದ್ದೂ ಹಳ್ಳಿಯ ಶಾಲೆಯಲ್ಲೇ. ಮುಂದೆ ಕಾರ್ಕಳ, ಮಂಗಳೂರು, ಮದ್ರಾಸುಗಳಲ್ಲಿ ಓದಿ ವಕೀಲರಾದರು. ಸ್ವಾತಂತ್ರ್ಯ ಬಂದ ಹೊತ್ತಿಗೆ ಸರ್ಕಾರಿ ವಕೀಲರ ಹುದ್ದೆ ಅವರ ಪಾಲಿಗೆ ಬಂತು. 1952ರಲ್ಲಿ ಮೊದಲ ರಾಜ್ಯಸಭೆ ಕೂಡಿದಾಗ ಮದ್ರಾಸ್ ರಾಜ್ಯದಿಂದ ಅದರ ಸದಸ್ಯರಾದರು. 1954ರಲ್ಲಿ ವಿಶ್ವಸಂಸ್ಥೆಗೆ ಹೋದ ಭಾರತದ ನಿಯೋಗದಲ್ಲೂ ಇದ್ದರು.

ಇಲ್ಲಿಂದ ಮುಂದೆ ಅವರ ಕತೆ ನಮ್ಮ ಕಡೆಗೂ ಬಂದು ಕೂಡುತ್ತದೆ. 1956ರ ನವೆಂಬರ್ 1ರಂದು ನಮ್ಮ ರಾಯಚೂರು ಜಿಲ್ಲೆ ಹೈದರಾಬಾದ್ ರಾಜ್ಯ ಬಿಟ್ಟು ಮೈಸೂರು ರಾಜ್ಯಕ್ಕೆ ಸೇರಿತು. ಅಲ್ಲಿಯತನಕ ಹೈದರಾಬಾದಿಗೆ ಹೋಗುತ್ತಿದ್ದ ನಮ್ಮ ಹೈಕೋರ್ಟ್ ಅಪೀಲುಗಳು ಬೆಂಗಳೂರಿನ ದಾರಿ ಹಿಡಿದವು. (ಕಲಬುರಗಿಗೆ ಹೈಕೋರ್ಟ್ ಪೀಠ ಬಂದದ್ದು 2008ರಲ್ಲಿ.) 1957ರ ಆಗಸ್ಟಿನಲ್ಲಿ ಹೆಗ್ಡೆಯವರು ರಾಜ್ಯಸಭೆ ಬಿಟ್ಟು ಅದೇ ಮೈಸೂರು ಹೈಕೋರ್ಟಿನ ನ್ಯಾಯಮೂರ್ತಿಗಳಾದರು. ಮುಂಬಯಿ, ಮದ್ರಾಸ್, ಹೈದರಾಬಾದ್, ಮೈಸೂರು, ಕೊಡಗು ಹೀಗೆ ಐದು ಕಡೆಯಿಂದ ಬಂದ ಜನ, ಒಂದೊಂದು ಭಾಗಕ್ಕೆ ಒಂದೊಂದು ಕಾನೂನು. ಅದೆಲ್ಲವನ್ನೂ ತೂಗಿ ನೋಡಬೇಕಾದ ಕಾಲ ಅದು.

1966ರಲ್ಲಿ ದಿಲ್ಲಿಯಲ್ಲಿ ಹೊಸ ಹೈಕೋರ್ಟ್ ಆಯಿತು. ಅದರ ಮೊದಲ ಮುಖ್ಯ ನ್ಯಾಯಮೂರ್ತಿ ನಮ್ಮ ಹೆಗ್ಡೆಯವರೇ. ಮರುವರ್ಷ ಜುಲೈನಲ್ಲಿ ಸುಪ್ರೀಂ ಕೋರ್ಟಿಗೆ ಹೋದರು. ಬ್ಯಾಂಕ್ ರಾಷ್ಟ್ರೀಕರಣ, ರಾಜರ ರಾಜಧನ ಮುಂತಾದ ದೊಡ್ಡ ದೊಡ್ಡ ಪ್ರಕರಣಗಳನ್ನು ಕೇಳಿದ ಪೀಠಗಳಲ್ಲಿ ಅವರೂ ಕುಳಿತಿದ್ದರು.

ಆದರೆ ಅವರ ಹೆಸರು ಉಳಿದದ್ದು ಕೇಶವಾನಂದ ಭಾರತಿ ಮೊಕದ್ದಮೆಯಿಂದ. ಕಾಸರಗೋಡಿನ ಎಡನೀರು ಮಠದ ಸ್ವಾಮಿಗಳು ಕೇರಳದ ಭೂಸುಧಾರಣೆ ಕಾನೂನಿನ ವಿರುದ್ಧ 1970ರಲ್ಲಿ ಹಾಕಿದ ದಾವೆ ಅದು. ಬರಬರುತ್ತಾ ಅದು ಇಡೀ ದೇಶದ ಪ್ರಶ್ನೆಯಾಯಿತು. ಸಂಸತ್ತು ಸಂವಿಧಾನವನ್ನು ಎಷ್ಟರ ಮಟ್ಟಿಗೆ ತಿದ್ದಬಹುದು ಎಂಬುದೇ ಆ ಪ್ರಶ್ನೆ. 13 ಮಂದಿ ನ್ಯಾಯಮೂರ್ತಿಗಳು 68 ದಿನ ವಾದ ಕೇಳಿದರು.

ಇದನ್ನು ನಮ್ಮ ಸಂಘದ ಮಾತಿನಲ್ಲಿ ಹೇಳುವುದಾದರೆ ಹೀಗೆ. ಸರ್ವಸಾಧಾರಣ ಸಭೆಗೆ ಬೈಲಾ ತಿದ್ದುವ ಅಧಿಕಾರ ಉಂಟು. ಸಾಲದ ಮಿತಿ ಬದಲಿಸಬಹುದು, ಶೇರಿನ ಮೊತ್ತ ಏರಿಸಬಹುದು. ಆದರೆ ಬಹುಮತ ಇದೆ ಅಂತ, ಇನ್ನು ಸದಸ್ಯರಿಗೆ ಮತವೇ ಇಲ್ಲ, ಲೆಕ್ಕ ತೋರಿಸುವುದೇ ಇಲ್ಲ ಎಂದು ಠರಾವು ಮಾಡಿದರೆ? ಆಗ ಹೆಸರು ಸಂಘದ್ದೇ ಇರುತ್ತದೆ, ಸಂಘ ಮಾತ್ರ ಇರುವುದಿಲ್ಲ. 1973ರ ಏಪ್ರಿಲ್ 24ರಂದು 7 ಜನರ ಬಹುಮತದಿಂದ ಬಂದ ತೀರ್ಪಿನ ತಿರುಳು ಇದೇ: ಸಂವಿಧಾನವನ್ನು ತಿದ್ದಬಹುದು, ಅದರ ಮೂಲ ಸ್ವರೂಪವನ್ನು ಕೆಡಿಸುವಂತಿಲ್ಲ. ಹೆಗ್ಡೆಯವರು ನ್ಯಾಯಮೂರ್ತಿ ಮುಖರ್ಜಿಯವರ ಜೊತೆ ಸೇರಿ ಬರೆದ ತೀರ್ಪು ಆ ಬಹುಮತದಲ್ಲಿತ್ತು. ಭೂಸುಧಾರಣೆಗೆ ಇದರಿಂದ ಅಡ್ಡಿಯಾಗಲಿಲ್ಲ ಎಂಬುದನ್ನು ರೈತರಾದ ನಾವು ನೆನಪಿಡಬೇಕು. ಮರುವರ್ಷವೇ ನಮ್ಮ ರಾಜ್ಯದಲ್ಲಿ ಗೇಣಿದಾರರಿಗೆ ಭೂಮಿ ಕೊಡುವ ಕಾನೂನು ಜಾರಿಗೆ ಬಂತು.

ತೀರ್ಪಿನ ಬೆನ್ನಿಗೇ ಪೆಟ್ಟು ಬಿತ್ತು. ಮುಖ್ಯ ನ್ಯಾಯಮೂರ್ತಿ ಸಿಕ್ರಿಯವರು ನಿವೃತ್ತರಾಗುವವರಿದ್ದರು. ಹಿರಿತನದಂತೆ ಮೊದಲು ಶೇಲತ್, ಅವರ ಬಳಿಕ ಹೆಗ್ಡೆ, ಆಮೇಲೆ ಗ್ರೋವರ್. ಸರ್ಕಾರ ಈ ಮೂವರನ್ನೂ ದಾಟಿ ನಾಲ್ಕನೆಯವರಾದ ಎ. ಎನ್. ರೇ ಅವರನ್ನು ಮುಖ್ಯ ನ್ಯಾಯಮೂರ್ತಿ ಮಾಡಿತು. ಹಿರಿತನವೊಂದೇ ಸಾಲದು, ನ್ಯಾಯಮೂರ್ತಿಗಳ ವಿಚಾರಧಾರೆಯನ್ನೂ ನೋಡಬೇಕು ಎಂಬುದು ಸರ್ಕಾರದ ವಾದ. ಸರ್ಕಾರದ ವಿರುದ್ಧ ತೀರ್ಪು ಕೊಟ್ಟವರಿಗೆ ಇದು ಶಿಕ್ಷೆ ಎಂಬುದು ದೇಶದ ಅನೇಕ ವಕೀಲರ ಆಕ್ಷೇಪ. ಹೆಗ್ಡೆಯವರಿಗೆ ಇನ್ನೂ ಒಂದು ವರ್ಷದ ಮೇಲೆ ಸೇವೆ ಇತ್ತು. ತಮಗಿಂತ ಕಿರಿಯರ ಕೈಕೆಳಗೆ ಸುಮ್ಮನೆ ಕುಳಿತು ದಿನ ಕಳೆಯಬಹುದಿತ್ತು. ಹಾಗೆ ಮಾಡಲಿಲ್ಲ. ಮೂವರೂ ರಾಜೀನಾಮೆ ಕೊಟ್ಟು ಹೊರಬಂದರು.

ಮುಂದೆ ತುರ್ತು ಪರಿಸ್ಥಿತಿ ಬಂತು, ಹೋಯಿತು. 1977ರ ಚುನಾವಣೆಯಲ್ಲಿ ರಾಜ್ಯದ 28 ಸ್ಥಾನಗಳಲ್ಲಿ 26 ಕಾಂಗ್ರೆಸ್ಸಿಗೆ ಹೋದವು. ಉಳಿದ ಎರಡರಲ್ಲಿ ಒಂದು ಬೆಂಗಳೂರು ದಕ್ಷಿಣ. ಅಲ್ಲಿ ಜನತಾ ಪಕ್ಷದಿಂದ ಗೆದ್ದವರು ಹೆಗ್ಡೆ. ನ್ಯಾಯಮೂರ್ತಿಯಾಗಿದ್ದವರು ಮತ್ತೆ ಪಕ್ಷಕ್ಕೆ ಬರಬಹುದೇ ಎಂಬುದು ಇಂದಿಗೂ ಕೇಳಬಹುದಾದ ಪ್ರಶ್ನೆಯೇ. ಸ್ಪೀಕರ್ ಆಗಿದ್ದ ಸಂಜೀವ ರೆಡ್ಡಿಯವರು ರಾಷ್ಟ್ರಪತಿಯಾದಾಗ, ಅದೇ ಜುಲೈನಲ್ಲಿ ಹೆಗ್ಡೆಯವರು ಆ ಪೀಠವೇರಿ 1980ರ ಜನವರಿಯವರೆಗೆ ಸಭೆ ನಡೆಸಿದರು. 1979ರಲ್ಲಿ ನಿಟ್ಟೆಯಲ್ಲಿ ವಿದ್ಯಾಸಂಸ್ಥೆ ಆರಂಭಿಸಿದರು. 1990ರ ಮೇ 24ರಂದು ತೀರಿಕೊಂಡರು. ಅವರ ಮಗ ಎನ್. ಸಂತೋಷ ಹೆಗ್ಡೆಯವರು ಸುಪ್ರೀಂ ಕೋರ್ಟಿನ ನ್ಯಾಯಮೂರ್ತಿಗಳಾಗಿ, ನಂತರ ನಮ್ಮ ರಾಜ್ಯದ ಲೋಕಾಯುಕ್ತರಾಗಿ ಕೆಲಸ ಮಾಡಿದ್ದನ್ನು ನಾವೆಲ್ಲ ಕಂಡಿದ್ದೇವೆ.

ಹೆಗ್ಡೆಯವರಿಗೆ ದಕ್ಕಬೇಕಾದ ಕುರ್ಚಿ ದಕ್ಕಲಿಲ್ಲ. ಆದರೆ ಅವರ ಸಹಿಯಿದ್ದ ಸೂತ್ರ ಉಳಿಯಿತು. 1975ರಲ್ಲೂ 1980ರಲ್ಲೂ ಸುಪ್ರೀಂ ಕೋರ್ಟು ಅದೇ ಸೂತ್ರ ಹಿಡಿದು ಸಂವಿಧಾನದ ಕೆಲವು ತಿದ್ದುಪಡಿಗಳನ್ನು ರದ್ದು ಮಾಡಿತು. ನಮ್ಮ ಸಂಘಕ್ಕೆ 25 ವರ್ಷ ತುಂಬಿದ ಈ ಹೊತ್ತಿನಲ್ಲಿ ಆಡಳಿತ ಮಂಡಳಿಯವರೂ ಸದಸ್ಯರೂ ಇಷ್ಟು ನೆನಪಿಟ್ಟರೆ ಸಾಕು: ಕೈ ಎತ್ತಿದವರು ಎಷ್ಟೇ ಮಂದಿ ಇರಲಿ, ಮುಟ್ಟಬಾರದ ಕೆಲವು ನಿಯಮಗಳು ಇರುತ್ತವೆ. ಅವುಗಳನ್ನು ಕಾಯಲು ಕುರ್ಚಿ ಬಿಟ್ಟು ಏಳುವ ಒಬ್ಬರಾದರೂ ಬೇಕು.