ಗ್ರಂಥಾಲಯ ವಿಜ್ಞಾನದ ಪಿತಾಮಹ ಎಸ್.ಆರ್. ರಂಗನಾಥನ್

ನಿಮ್ಮ ಶಾಲೆಯ ಬೀರುವಿನಲ್ಲಿ ನೂರು ಪುಸ್ತಕಗಳಿದ್ದರೆ ಬೇಕಾದುದನ್ನು ಹುಡುಕಲು ಐದು ನಿಮಿಷ ಸಾಕು. ಒಂದು ಲಕ್ಷ ಪುಸ್ತಕಗಳಿದ್ದರೆ? ಕ್ರಮವಾಗಿ ಜೋಡಿಸದಿದ್ದರೆ ಪುಸ್ತಕ ಇದ್ದೂ ಇಲ್ಲದಂತೆಯೇ! ಈ ಸಮಸ್ಯೆಗೆ ಹೊಸ ದಾರಿ ತೋರಿದವರು ಶಿಯಾಳಿ ರಾಮಾಮೃತ ರಂಗನಾಥನ್.

ಅವರು 1892ರಲ್ಲಿ ಇಂದಿನ ತಮಿಳುನಾಡಿನ ಶಿಯಾಳಿಯಲ್ಲಿ ಜನಿಸಿದರು. ಗಣಿತ ಅವರ ಮೆಚ್ಚಿನ ವಿಷಯ. 1917ರಲ್ಲಿ ಮಂಗಳೂರಿನ ಸರ್ಕಾರಿ ಕಾಲೇಜಿನಲ್ಲಿ ಗಣಿತದ ಅಧ್ಯಾಪಕರಾದರು. 1924ರಲ್ಲಿ ಮದರಾಸು ವಿಶ್ವವಿದ್ಯಾಲಯದ ಮೊದಲ ಗ್ರಂಥಪಾಲಕರಾಗಿ ನೇಮಕಗೊಂಡರು. ಅಲ್ಲಿ ಓದುಗರೇ ವಿರಳ. ಸುಮ್ಮನೆ ಕುಳಿತು ಬೇಸತ್ತ ಅವರು ಮತ್ತೆ ಪಾಠ ಹೇಳಲು ಹೋಗಬಯಸಿದರು. ಆದರೆ ಮೊದಲು ಲಂಡನ್ನಿಗೆ ಹೋಗಿ ಗ್ರಂಥಾಲಯದ ಕೆಲಸ ಕಲಿಯಬೇಕಾಯಿತು. ಅಲ್ಲಿ ಅವರ ಮನಸ್ಸು ಬದಲಾಯಿತು. ಸಾಮಾನ್ಯ ಜನರೂ ಗ್ರಂಥಾಲಯಗಳನ್ನು ಬಳಸುತ್ತಿದ್ದುದನ್ನು ಅವರು ಕಂಡರು.

ಆಗಿನ ವರ್ಗೀಕರಣ ಪದ್ಧತಿಗಳಲ್ಲಿ ಪ್ರತಿ ವಿಷಯಕ್ಕೂ ಮೊದಲೇ ಒಂದು ಸಂಖ್ಯೆ ಗೊತ್ತು ಮಾಡಿರುತ್ತಿದ್ದರು. ಹೊಸ ವಿಷಯ ಬಂದರೆ ಅದಕ್ಕೆ ಜಾಗ ಹುಡುಕುವುದೇ ಕಷ್ಟವಾಗುತ್ತಿತ್ತು. ಒಮ್ಮೆ ಲಂಡನ್ನಿನ ಅಂಗಡಿಯೊಂದರಲ್ಲಿ ರಂಗನಾಥನ್ ಅವರು ಮೆಕ್ಯಾನೋ ಎಂಬ ಆಟಿಕೆಯನ್ನು ನೋಡಿದರು. ಅವೇ ಪಟ್ಟಿಗಳನ್ನು ನಟ್ಟು ಬೋಲ್ಟುಗಳಿಂದ ಬೇರೆ ಬೇರೆ ರೀತಿ ಜೋಡಿಸಿ ಬಗೆಬಗೆಯ ಆಟಿಕೆ ಮಾಡಬಹುದಿತ್ತು. ವಿಷಯಗಳನ್ನೂ ಹೀಗೆ ಜೋಡಿಸಬಾರದೇಕೆ ಎಂದು ಅವರಿಗೆ ಹೊಳೆಯಿತು!

ಕರ್ನಾಟಕದಲ್ಲಿ ರಾಗಿ ಬೆಳೆಗೆ ತಗಲುವ ರೋಗದ ಬಗ್ಗೆ ಒಂದು ಪುಸ್ತಕವಿದೆ ಎನ್ನೋಣ. ಇದರಲ್ಲಿ ಬೆಳೆ, ರೋಗ, ಸ್ಥಳ ಎಂಬ ಬಿಡಿಭಾಗಗಳಿವೆ. ಒಂದೊಂದಕ್ಕೂ ಒಂದು ಗುರುತು ಕೊಟ್ಟು, ಅವುಗಳನ್ನು ಚಿಹ್ನೆಗಳಿಂದ ಜೋಡಿಸಿದರೆ ಪುಸ್ತಕದ ಸಂಖ್ಯೆ ಸಿದ್ಧ. ಇಲ್ಲಿ ನಟ್ಟು ಬೋಲ್ಟಿನ ಕೆಲಸ ಮಾಡಿದ್ದು ಎರಡು ಚುಕ್ಕಿಗಳ ಕೋಲನ್ ಚಿಹ್ನೆ. ಆದ್ದರಿಂದ ಈ ಪದ್ಧತಿಗೆ ಕೋಲನ್ ವರ್ಗೀಕರಣ ಎಂದು ಹೆಸರಾಯಿತು. ಇದು 1933ರಲ್ಲಿ ಪ್ರಕಟವಾಯಿತು.

1925ರಲ್ಲಿ ಮದರಾಸಿಗೆ ಮರಳಿದ ಅವರು, ಓದುಗರೇ ಕಪಾಟಿನ ಬಳಿ ಹೋಗಿ ಪುಸ್ತಕ ಆರಿಸಿಕೊಳ್ಳಲು ಅವಕಾಶ ಕೊಟ್ಟರು. 1931ರಲ್ಲಿ ಗ್ರಂಥಾಲಯ ವಿಜ್ಞಾನದ ಐದು ಸೂತ್ರಗಳನ್ನು ಪ್ರಕಟಿಸಿದರು. ಪುಸ್ತಕವಿರುವುದು ಬೀಗ ಹಾಕಿ ಇಡಲಿಕ್ಕಲ್ಲ, ಬಳಸಲಿಕ್ಕೆ ಎಂಬುದೇ ಅವುಗಳಲ್ಲಿ ಮೊದಲನೆಯದರ ಸಾರ. ಓದುಗರ ಸಮಯ ಉಳಿಸಬೇಕು ಎಂದೂ ಅವರು ಹೇಳಿದರು.

ರಂಗನಾಥನ್ ಅವರು ಬನಾರಸ್ ಮತ್ತು ದೆಹಲಿಗಳಲ್ಲೂ ಸೇವೆ ಸಲ್ಲಿಸಿ, ಕೊನೆಗೆ ಬೆಂಗಳೂರಿನಲ್ಲಿ ನೆಲೆಸಿದರು. 1957ರಲ್ಲಿ ಅವರಿಗೆ ಪದ್ಮಶ್ರೀ ಪ್ರಶಸ್ತಿ ದೊರೆಯಿತು. 1962ರಲ್ಲಿ ಬೆಂಗಳೂರಿನಲ್ಲಿ ದಾಖಲೆಗಳ ನಿರ್ವಹಣೆಯ ಸಂಶೋಧನೆ ಹಾಗೂ ತರಬೇತಿ ಕೇಂದ್ರವನ್ನು ಸ್ಥಾಪಿಸಿದರು. 1972ರ ಸೆಪ್ಟೆಂಬರ್ 27ರಂದು ಅಲ್ಲೇ ನಿಧನರಾದರು.

ಇಂದು ಅನೇಕ ಡಿಜಿಟಲ್ ಗ್ರಂಥಾಲಯಗಳಲ್ಲಿ ವಿಷಯ, ಭಾಷೆ, ವರ್ಷ ಎಂದು ಒಂದೊಂದನ್ನೇ ಆರಿಸುತ್ತಾ ಬೇಕಾದ ಪುಸ್ತಕವನ್ನು ಹುಡುಕಬಹುದು. ವಿಷಯವನ್ನು ಬಿಡಿಭಾಗಗಳಾಗಿ ನೋಡುವ ರಂಗನಾಥನ್ ಅವರ ವಿಚಾರ ಇಲ್ಲೂ ಕಾಣುತ್ತದೆ. ಭಾರತದಲ್ಲಿ ಆಗಸ್ಟ್ 12ನ್ನು ಅವರ ನೆನಪಿಗಾಗಿ ಗ್ರಂಥಪಾಲಕರ ದಿನವಾಗಿ ಆಚರಿಸುತ್ತಾರೆ.

ಮಾಡಿ ನೋಡಿ: ನಿಮ್ಮ ಶಾಲೆಯ ಪುಸ್ತಕಗಳನ್ನು ವಿಷಯವಾರು ಜೋಡಿಸಿ, ಪಟ್ಟಿ ತಯಾರಿಸಿ. ಇದುವರೆಗೆ ಯಾರೂ ಓದದ ಪುಸ್ತಕ ಸಿಕ್ಕರೆ, ಅದರ ಮೊದಲ ಓದುಗರು ನೀವೇ ಆಗಿ!