ಕಡೆಯ ಮದಕರಿ ನಾಯಕನೂ ಅವನ ಪ್ರಜೆಗಳೂ

ಚಿತ್ರದುರ್ಗ, ಹಿರಿಯೂರು, ಹೊಸದುರ್ಗ, ಹೊಳಲ್ಕೆರೆಗಳ ಸೀಮೆಯಲ್ಲಿ ಮದಕರಿ ನಾಯಕನ ಹೆಸರನ್ನು ಕೇಳದವರು ವಿರಳ. ಅವನ ಶೌರ್ಯವನ್ನು ಹೊಗಳುವವರು ಬಹುಮಂದಿ ಉಂಟು. ಅವನು ಸೋತ ಮೇಲೆ ಅವನ ಪ್ರಜೆಗಳ ಗತಿ ಏನಾಯಿತೆಂದು ವಿಚಾರಿಸುವವರು ಕೆಲವರೇ. ಆದಕಾರಣ ಅವನ ಚರಿತ್ರೆಯನ್ನು ಸಂಕ್ಷೇಪವಾಗಿ ವಾಚಕರ ಮುಂದೆ ಇಡುತ್ತೇವೆ.

ವಿಜಯನಗರದ ಅರಸರ ಕಾಲದಲ್ಲಿ ತಿಮ್ಮಣ್ಣ ನಾಯಕನು ದುರ್ಗದ ಅಧಿಕಾರವನ್ನು ಪಡೆದಂದಿನಿಂದ ಬೇಡರ ಕುಲದ ನಾಯಕರು ಸುಮಾರು ಇನ್ನೂರು ವರುಷ ಅಲ್ಲಿ ಆಳಿದರು. 1754ರಲ್ಲಿ ಕಸ್ತೂರಿ ರಂಗಪ್ಪ ನಾಯಕನು ಮಕ್ಕಳಿಲ್ಲದೆ ತೀರಿಕೊಂಡನು. ಆಗ ಈಗಿನ ಹೊಸದುರ್ಗ ತಾಲ್ಲೂಕಿಗೆ ಸೇರಿದ ಜಾನಕಲ್ಲಿನ ಭರಮಪ್ಪನ ಮಗನಾದ ಮದಕರಿಯನ್ನು ಕರೆತಂದು ಪಟ್ಟಕ್ಕೆ ಕೂರಿಸಿದರು. ಅವನು ಇನ್ನೂ ಎಳೆಯ ಪ್ರಾಯದವನಾಗಿದ್ದನು.

ಅವನ ಕೈಗೆ ಬಂದ ಪಟ್ಟಣವು ಸಾಮಾನ್ಯವಾದದ್ದಲ್ಲ. ಬಂಡೆಗಳ ಬೆಟ್ಟವನ್ನು ಬಳಸಿ ಏಳು ಸುತ್ತಿನ ಕೋಟೆಯಿತ್ತು. ಮದ್ದು ಅರೆಯುವ ದೊಡ್ಡ ಬೀಸುಕಲ್ಲುಗಳೂ, ಎಣ್ಣೆ ತುಂಬಿಡುವ ಕೊಳಗಳೂ, ಏಕನಾಥೇಶ್ವರಿ, ಹಿಡಿಂಬೇಶ್ವರ ಮೊದಲಾದ ಗುಡಿಗಳೂ ಇದ್ದವು. ಮಳೆ ಕಡಿಮೆಯಾದ ಈ ನಾಡಿನಲ್ಲಿ ಅಲ್ಲಿನವರು ನೀರನ್ನು ಕಾಪಾಡಿದ ರೀತಿಯು ವಿಶೇಷವಾದದ್ದು. ಬೆಟ್ಟದ ಮೇಲೆ ಬಿದ್ದ ಮಳೆನೀರು ಗೋಪಾಲಸ್ವಾಮಿ ಹೊಂಡವನ್ನು ತುಂಬಿ, ಅಲ್ಲಿಂದ ಅಕ್ಕ ತಂಗಿಯರ ಹೊಂಡಕ್ಕೆ ಹರಿದು, ಸಿಹಿನೀರು ಹೊಂಡವನ್ನು ಸೇರಿ, ಕಡೆಗೆ ಕೆಳಗಿನ ಸಂತೆಹೊಂಡಕ್ಕೆ ಇಳಿಯುತ್ತಿತ್ತು. ಹಳ್ಳಿಗಳಲ್ಲಿ ಜನರು ರಾಗಿ ಜೋಳಗಳನ್ನು ಬೆಳೆದು, ಕುರಿ ಕಾಯ್ದು, ಕಂಬಳಿ ನೇಯ್ದು ಜೀವಿಸುತ್ತಿದ್ದರು. ಬೇಡರಾದರೋ ಬೇಟೆಯಲ್ಲಿಯೂ ಕಾಳಗದಲ್ಲಿಯೂ ನಿಪುಣರಾಗಿ ನಾಯಕನ ದಂಡಿಗೆ ಬೆನ್ನೆಲುಬಾಗಿದ್ದರು.

1762ರಲ್ಲಿ ಹೈದರಾಲಿಯು ದುರ್ಗಕ್ಕೆ ಮುತ್ತಿಗೆ ಹಾಕಿ ಕಪ್ಪವನ್ನು ತೆಗೆದುಕೊಂಡನು. ಬಳಿಕ ನಾಯಕನು ಹೈದರನ ಪಕ್ಷದಲ್ಲಿ ಮರಾಠರ ಮೇಲೆ ಯುದ್ಧಕ್ಕೂ ಹೋದನು. ಆದರೆ 1777ರಲ್ಲಿ ಮರಾಠರೂ ನಿಜಾಮನೂ ಕೂಡಿ ಹೈದರನನ್ನು ಹೆದರಿಸಿದಾಗ, ಯಾರು ಗೆಲ್ಲುವರೋ ನೋಡೋಣವೆಂದು ತನ್ನ ದಂಡನ್ನು ಕಳುಹಿಸದೆ ತಡೆದನು. ಇಬ್ಬರು ಬಲಿಷ್ಠರ ನಡುವೆ ಸಿಕ್ಕಿದ ಚಿಕ್ಕ ಸಂಸ್ಥಾನದ ಸಂಕಟವು ಇಂಥದೇ. ಹೈದರನು ಕೋಪಗೊಂಡು ದಂಡೆತ್ತಿ ಬಂದನು. ಕೋಟೆಯವರು ತಿಂಗಳುಗಟ್ಟಲೆ ಎದುರಿಸಿ ನಿಂತರು. ಕಿಂಡಿಯಲ್ಲಿ ನುಸುಳಿದ ವೈರಿಗಳನ್ನು ಕಾವಲುಗಾರನ ಹೆಂಡತಿಯಾದ ಓಬವ್ವೆಯು ಒನಕೆಯಿಂದ ಹೊಡೆದು ಕೆಡವಿದಳೆಂದು ಜನರು ಹೇಳಿಕೊಂಡು ಬಂದದ್ದು ಹೈದರನ ಮುತ್ತಿಗೆಗಳ ಕಾಲದ ಸಂಗತಿಯೇ. ಕಡೆಗೆ 1779ರಲ್ಲಿ ದುರ್ಗವು ಬಿದ್ದಿತು. ನಾಯಕನನ್ನು ಸೆರೆಹಿಡಿದು ಶ್ರೀರಂಗಪಟ್ಟಣಕ್ಕೆ ಒಯ್ದರು. ಅವನು ತನ್ನ ಬೆಟ್ಟವನ್ನು ತಿರಿಗಿ ಕಾಣದೆ ಸೆರೆಯಲ್ಲಿಯೇ ಸತ್ತನು.

ಸಂಕಟವು ಅಲ್ಲಿಗೆ ಮುಗಿಯಲಿಲ್ಲ. ನಾಯಕನ ಬಲವು ಕಲ್ಲಿನಲ್ಲಿಲ್ಲ, ಅವನಿಗಾಗಿ ಪ್ರಾಣ ಕೊಡುವ ಬೇಡರಲ್ಲಿದೆ ಎಂಬದನ್ನು ಹೈದರನು ಚೆನ್ನಾಗಿ ತಿಳಿದಿದ್ದನು. ಆದಕಾರಣ ಅವರಲ್ಲಿ ಸುಮಾರು 20,000 ಮಂದಿಯನ್ನು ಹೊಲ ಮನೆಗಳಿಂದ ಎಬ್ಬಿಸಿ ಶ್ರೀರಂಗಪಟ್ಟಣಕ್ಕೆ ಸಾಗಿಸಿದನು. ಪ್ರಾಯಕ್ಕೆ ಬಂದ ಹುಡುಗರನ್ನು ಆರಿಸಿ ಚೇಲರೆಂಬ ಪಟಾಲಮುಗಳಾಗಿ ಮಾಡಿ, ತಮ್ಮ ಊರನ್ನು ಗೆದ್ದವನಿಗಾಗಿಯೇ ಕಾದಾಡುವಂತೆ ಕಲಿಸಿದರು. ಉಳುವವರಿಲ್ಲದೆ ಎಷ್ಟು ಹೊಲಗಳು ಬೀಳುಬಿದ್ದವೋ, ಎಷ್ಟು ತಾಯಂದಿರು ದಾರಿ ನೋಡುತ್ತಾ ಮುದುಕಿಯರಾದರೋ, ಅದನ್ನು ಯಾರೂ ಲೆಕ್ಕವಿಟ್ಟು ಬರೆಯಲಿಲ್ಲ.

ದೊಡ್ಡವರ ಜಗಳದಲ್ಲಿ ಬಡವರು ತೆತ್ತ ಬೆಲೆ ಇದು. ನಾಯಕನ ಅರಮನೆಯ ಮಣ್ಣಿನ ಗೋಡೆಗಳು ಈಗ ಕುಸಿದು ನಿಂತಿವೆ. ಅವನಿಗಿಂತ ಮುಂಚೆ ಆಳಿದ ಭರಮಣ್ಣ ನಾಯಕನ ಹೆಸರಿನ ಭರಮಸಾಗರದ ಕೆರೆಯೂ ಬೆಟ್ಟದ ಹೊಂಡಗಳೂ ಇಂದಿಗೂ ಉಳಿದಿವೆ. ವಾಚಕರು ದುರ್ಗಕ್ಕೆ ಹೋದಾಗ ಬುರುಜುಗಳನ್ನು ಮಾತ್ರ ನೋಡಿ ಹಿಂದಿರುಗದೆ, ಆ ಹೊಂಡಗಳ ಮೆಟ್ಟಿಲಲ್ಲಿ ಸ್ವಲ್ಪ ಹೊತ್ತು ನಿಂತು, ಅವನ್ನು ತೋಡಿದ ಹೆಸರಿಲ್ಲದ ಕೂಲಿಯವರನ್ನೂ ನಾಡು ಬಿಟ್ಟು ಹೋದ ಆ ಸಾವಿರಾರು ಮಂದಿಯನ್ನೂ ನೆನಸಬೇಕೆಂದು ಕೋರುತ್ತೇವೆ.