ಗಂಡುಗಲಿಯಿಂದ ಕರಾಟೆ ಕಿಂಗ್‌ವರೆಗೆ ಶಂಕರ್‌ನಾಗ್

ಕೃಷ್ಣರಾಜಪೇಟೆ ತಾಲ್ಲೂಕಿನ ಹೊಸಹೊಳಲು ಮತ್ತು ಕಿಕ್ಕೇರಿ, ನೆರೆಯ ನಾಗಮಂಗಲ, ಪಾಂಡವಪುರ ಬಳಿಯ ತೊಣ್ಣೂರು ಹೊಯ್ಸಳರ ಕಾಲವನ್ನು ಕಲ್ಲಿನಲ್ಲಿ ಉಳಿಸಿಕೊಂಡಿರುವ ಊರುಗಳು. ದೇಗುಲ ಕಟ್ಟಿಸಿದವರ ಹೆಸರುಗಳು ಶಾಸನಗಳಲ್ಲಿ ಉಳಿದವು. ಅವರ ಪರವಾಗಿ ಕತ್ತಿ ಹಿಡಿದು ಮಡಿದವನಿಗೆ ಸಿಕ್ಕಿದ್ದು, ಸಿಕ್ಕಿದ್ದರೆ, ಒಂದು ವೀರಗಲ್ಲು. ಹೊಯ್ಸಳರ ಕಾಲದ ಅಂಥ ಕೂಲಿ ಯೋಧನನ್ನು ಕಥೆಯ ನಡುವೆ ನಿಲ್ಲಿಸಿದ ಚಿತ್ರ 1978ರ ‘ಒಂದಾನೊಂದು ಕಾಲದಲ್ಲಿ’. ಆ ಯೋಧ ಗಂಡುಗಲಿಯಾಗಿ ಕನ್ನಡಿಗರಿಗೆ ಮೊದಲ ಬಾರಿ ಪರಿಚಯವಾದವರು ಶಂಕರ್‌ನಾಗ್.

1954ರ ನವೆಂಬರ್ 9ರಂದು ಉತ್ತರ ಕನ್ನಡ ಜಿಲ್ಲೆಯಲ್ಲಿ ಜನಿಸಿದ ಶಂಕರ್ ನಾಗರಕಟ್ಟೆ ಮುಂಬೈಗೆ ತೆರಳಿ ಬ್ಯಾಂಕ್ ನೌಕರಿಗೆ ಸೇರಿದರೂ ಮನಸ್ಸು ನೆಟ್ಟಿದ್ದು ಮರಾಠಿ ರಂಗಭೂಮಿಯಲ್ಲಿ. ಅಣ್ಣ ಅನಂತ್‌ನಾಗ್ ಆಗಲೇ ಚಿತ್ರನಟರಾಗಿ ಹೆಸರು ಮಾಡಿದ್ದರು. ತಮ್ಮನನ್ನು ಕನ್ನಡ ತೆರೆಗೆ ಕರೆತಂದವರು ಗಿರೀಶ ಕಾರ್ನಾಡ.

ಜಪಾನಿನ ಅಕಿರಾ ಕುರೊಸಾವಾ ಅವರ ಸಮುರಾಯ್ ಚಿತ್ರಗಳ ಪ್ರಭಾವವನ್ನು ಕಾರ್ನಾಡರು ಮರೆಮಾಚಲಿಲ್ಲ. ಆದರೆ ಕಥೆ ಈ ನೆಲದ್ದೇ. ದಾಯಾದಿ ದ್ವೇಷದಲ್ಲಿ ಮುಳುಗಿದ ಇಬ್ಬರು ಸೋದರ ಸಾಮಂತರು. ಅವರಲ್ಲಿ ಒಬ್ಬನ ಬಳಿ ಕೂಲಿಗೆ ಕಾದಾಡಲು ಬರುವ ಗಂಡುಗಲಿ. ಎದುರು ಪಾಳೆಯದಲ್ಲಿ ಸುಂದರಕೃಷ್ಣ ಅರಸ್ ಅಭಿನಯದ ಹಿರಿಯ ಸೇನಾನಿ ಪೆರ್ಮಾಡಿ. ಹಗೆ ಒಡೆಯರದು, ನೆತ್ತರು ಆಳಿನದು. ಎದುರಾಳಿಗಳಾದ ಇಬ್ಬರೂ ಯೋಧರಿಗೆ ಪರಸ್ಪರ ಇರುವ ಗೌರವ ತಮ್ಮ ಧಣಿಗಳ ಮೇಲಿಲ್ಲ. ಕತ್ತಿವರಸೆಯ ರೋಚಕತೆಗಾಗಿ ಬಂದ ಪ್ರೇಕ್ಷಕನಿಗೆ ಚಿತ್ರ ಅಧಿಕಾರದ ಈ ಲೆಕ್ಕಾಚಾರವನ್ನೂ ಕಾಣಿಸುತ್ತದೆ. ನಿಷ್ಠೆ ಎಂಬುದು ಯಾರ ಲಾಭಕ್ಕಾಗಿ ಎಂಬ ಪ್ರಶ್ನೆ ಈ ಭಾಗದವರಿಗೆ ಹೊಸತೇನಲ್ಲ. ಸೈನಿಕನಾಗಿ ಮೈಸೂರಿನ ಸೇವೆಗೆ ಸೇರಿದ ಹೈದರ್ ಅಲಿ ಆಳುವವನಾದದ್ದಕ್ಕೆ ಶ್ರೀರಂಗಪಟ್ಟಣದ ಕೋಟೆ ಸಾಕ್ಷಿಯಾಗಿದೆ. ಎಲ್ಲ ಆಳುಗಳಿಗೂ ಆ ಅದೃಷ್ಟವಿರಲಿಲ್ಲ.

ಚಿತ್ರಕ್ಕೆ ಶ್ರೇಷ್ಠ ಕನ್ನಡ ಚಿತ್ರದ ರಾಷ್ಟ್ರ ಪ್ರಶಸ್ತಿ ಲಭಿಸಿತು. 1979ರಲ್ಲಿ ಭಾರತದ ಅಂತರರಾಷ್ಟ್ರೀಯ ಚಲನಚಿತ್ರೋತ್ಸವದಲ್ಲಿ ಶಂಕರ್‌ನಾಗ್ ಶ್ರೇಷ್ಠ ನಟರಾದರು. ಮೊದಲ ಕನ್ನಡ ಚಿತ್ರದಲ್ಲೇ ಇಂಥ ಮನ್ನಣೆ ಅಪರೂಪ.

ಆನಂತರ ವ್ಯಾಪಾರಿ ಚಿತ್ರರಂಗ ಅವರನ್ನು ಹೊಡೆದಾಟದ ನಾಯಕನನ್ನಾಗಿ ಮಾಡಿತು. ಖಡ್ಗದ ಜಾಗಕ್ಕೆ ಕೈಕಾಲಿನ ಏಟು ಬಂತು, ಅಭಿಮಾನಿಗಳು ‘ಕರಾಟೆ ಕಿಂಗ್’ ಎಂದು ಕರೆದರು. 1980ರ ‘ಆಟೋ ರಾಜ’ ಅವರನ್ನು ಆಟೋ ಚಾಲಕರ ಮನೆಮಗನನ್ನಾಗಿಸಿತು. ಹನ್ನೆರಡು ವರ್ಷಗಳಲ್ಲಿ 80ಕ್ಕೂ ಹೆಚ್ಚು ಚಿತ್ರಗಳು. ಅವುಗಳಲ್ಲಿ ಹಲವು ಸಾಧಾರಣ ಮಟ್ಟದವು ಎಂಬುದನ್ನು ಒಪ್ಪಿಕೊಳ್ಳಲೇಬೇಕು. ಆದರೆ ನಟನಾಗಿ ಗಳಿಸಿದ ಜನಪ್ರಿಯತೆಯನ್ನು ಅವರು ನಿರ್ದೇಶಕನಾಗಿ ಖರ್ಚು ಮಾಡಿದ ಬಗೆಯೇ ಬೇರೆ. ಕಾರು ಕಳ್ಳರ ಕಥೆಯಾದ ‘ಮಿಂಚಿನ ಓಟ’ (1980) ಅವರ ನಿರ್ದೇಶನ. 1985ರ ‘ಆಕ್ಸಿಡೆಂಟ್’ನಲ್ಲಿ ರಾಜಕಾರಣಿಯ ಮಗ ಮತ್ತಿನಲ್ಲಿ ಕಾರು ಓಡಿಸಿ ಪಾದಚಾರಿ ಮಾರ್ಗದಲ್ಲಿ ಮಲಗಿದ್ದ ಬಡವರನ್ನು ಕೊಲ್ಲುತ್ತಾನೆ. ಅದನ್ನು ಮುಚ್ಚಿಹಾಕುವ ಯತ್ನವನ್ನು ಬೆನ್ನಟ್ಟುವ ಪತ್ರಕರ್ತನ ಪಾತ್ರ ಶಂಕರ್‌ನಾಗ್‌ರದು, ರಾಜಕಾರಣಿಯ ಪಾತ್ರ ಅನಂತ್‌ನಾಗ್‌ರದು. ಏಳು ಶತಮಾನಗಳ ಅಂತರವಿದ್ದರೂ ಗಂಡುಗಲಿಯ ಕಾಲದಂತೆ ಇಲ್ಲಿಯೂ ದೊಡ್ಡವರ ತಪ್ಪಿಗೆ ಸಣ್ಣವರೇ ಬಲಿ. ಸಾಮಾಜಿಕ ಸಮಸ್ಯೆ ಕುರಿತ ಚಿತ್ರಗಳ ವಿಭಾಗದಲ್ಲಿ ಇದಕ್ಕೆ ರಾಷ್ಟ್ರ ಪ್ರಶಸ್ತಿ ಬಂತು.

ತೆರೆಯ ಹೊರಗೆ ಅವರು ರಾಮಕೃಷ್ಣ ಹೆಗಡೆ ಅವರ ಜನತಾ ಪಕ್ಷದ ಪರ ಪ್ರಚಾರ ಮಾಡಿದರು. ಬೆಂಗಳೂರಿಗೆ ಮೆಟ್ರೊ ರೈಲು ಬೇಕೆಂದು ಅಂದೇ ಓಡಾಡಿದರು. ಆರ್.ಕೆ. ನಾರಾಯಣ್ ಕಥೆಗಳನ್ನು ಆಗುಂಬೆಯಲ್ಲಿ ‘ಮಾಲ್ಗುಡಿ ಡೇಸ್’ ಆಗಿಸಿ ದೂರದರ್ಶನಕ್ಕೆ ಕೊಟ್ಟರು. ‘ಸಂಕೇತ್’ ತಂಡದ ಮೂಲಕ ನಾಟಕಗಳನ್ನೂ ಬಿಡಲಿಲ್ಲ. ಅವರು ಕಂಡ ರಂಗಮಂದಿರದ ಕನಸನ್ನು ಪತ್ನಿ ಅರುಂಧತಿ ನಾಗ್ 2004ರಲ್ಲಿ ‘ರಂಗಶಂಕರ’ವಾಗಿ ನನಸಾಗಿಸಿದರು.

1990ರ ಸೆಪ್ಟೆಂಬರ್ 30ರಂದು ದಾವಣಗೆರೆ ಸಮೀಪದ ಆನಗೋಡು ಬಳಿ ಕಾರು ಅಪಘಾತದಲ್ಲಿ ಶಂಕರ್‌ನಾಗ್ ನಿಧನರಾದರು. ಆಗ ಅವರಿಗೆ 35 ವರ್ಷ. ಹೊರಟಿದ್ದು ‘ಜೋಕುಮಾರಸ್ವಾಮಿ’ ಚಿತ್ರೀಕರಣಕ್ಕೆ. ಅದೇ ಹೆಸರಿನ ಚಂದ್ರಶೇಖರ ಕಂಬಾರರ ನಾಟಕದ ವಸ್ತುವೂ ಊರ ಗೌಡನಿಗೂ ಉಳುವವನಿಗೂ ನಡೆಯುವ ಹೋರಾಟವೇ.